ಹಾಸ್ಟೆಲಿನ ತಟ್ಟೆಯಿಂದ ಮೊಸರು ಹೋದ ಮೇಲೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಮೈಸೂರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ, ಕಾಲೇಜಿನ ಹಾಸ್ಟೆಲಿನಲ್ಲಿದ್ದೇನೆ. ಹುಟ್ಟಿನಿಂದ ಸಸ್ಯಾಹಾರಿ. ಬಂಧುಗಳ ಡೈರಿಯಲ್ಲಿ ಗಂಡು ಕರುಗಳ ಗತಿ ಏನಾಗುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟೆ. ವೀಗನ್ ಆಗಿ ನಾಲ್ಕು ತಿಂಗಳಾಯಿತು. ಮೆಸ್ಸಿನಲ್ಲಿ ನನಗೆ ಉಳಿದಿರುವುದು ಅನ್ನ, ಸಾರು, ಪಲ್ಯ, ಚಪಾತಿ ಮಾತ್ರ. ತೂಕ 52 ಕಿಲೋದಿಂದ 48ಕ್ಕೆ ಇಳಿದಿದೆ. ಕೂದಲು ಉದುರುತ್ತಿದೆ. ಮಧ್ಯಾಹ್ನದ ತರಗತಿಯಲ್ಲಿ ಕಣ್ಣು ಬಿಡಲಾಗುವುದಿಲ್ಲ. ಕೋಣೆಯಲ್ಲಿ ಒಲೆ ಇಡುವಂತಿಲ್ಲ, ಕೆಟಲ್‌ಗೆ ಮಾತ್ರ ಅನುಮತಿಯಿದೆ. ಅಮ್ಮ ದಿನವೂ ಫೋನ್ ಮಾಡಿ ‘ಮೊಸರಾದರೂ ಉಣ್ಣು’ ಎನ್ನುತ್ತಾರೆ. ಗೆಳತಿಯರು ಪ್ರೋಟೀನ್ ಪುಡಿ ತೆಗೆದುಕೊಳ್ಳಲು ಹೇಳುತ್ತಾರೆ, ಅಷ್ಟು ಹಣ ನನ್ನಲ್ಲಿಲ್ಲ. ನಾನು ಇದನ್ನು ಕೈಬಿಡಬೇಕೇ?

ಉತ್ತರ: ಕೈಬಿಡಬೇಕಾಗಿಲ್ಲ. ಪುಡಿಯನ್ನೂ ಕೊಳ್ಳಬೇಕಾಗಿಲ್ಲ. ಆದರೆ ಈಗ ಉಣ್ಣುತ್ತಿರುವ ರೀತಿಯಲ್ಲೇ ಮುಂದುವರಿಯಲು ನಾನು ಒಪ್ಪುವುದಿಲ್ಲ. ನಾಲ್ಕು ತಿಂಗಳಲ್ಲಿ ನಾಲ್ಕು ಕಿಲೋ ಎಂದರೆ ನಿಮ್ಮ ತೂಕದ ನೂರಕ್ಕೆ ಸುಮಾರು ಎಂಟು ಪಾಲು. ಬೇಕೆಂದು ಇಳಿಸಿದ ತೂಕವಲ್ಲ ಅದು. ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳೋಣ.

ಹಾಲು ಬಿಟ್ಟ ನಿಮ್ಮ ಕಾರಣವನ್ನು ನಾನು ಗೌರವಿಸುತ್ತೇನೆ. ಅದರ ಬಗ್ಗೆ ವಾದಕ್ಕೆ ಬರುವುದಿಲ್ಲ. ಆಹಾರತಜ್ಞೆಯಾಗಿ ನನ್ನ ಆಕ್ಷೇಪ ಬೇರೆ: ತಟ್ಟೆಯಿಂದ ಮೊಸರನ್ನು ತೆಗೆದಿರಿ, ಆ ಜಾಗಕ್ಕೆ ಏನನ್ನೂ ಹಾಕಲಿಲ್ಲ. ಹಾಸ್ಟೆಲಿನಲ್ಲಿದ್ದು ವೀಗನ್ ಆಗುವ ಹುಡುಗ ಹುಡುಗಿಯರು ಸೋಲುವುದು ಬಹುಪಾಲು ಇಲ್ಲೇ. ಅವರ ನಂಬಿಕೆ ಕುಂದಿರುವುದಿಲ್ಲ, ಹೊಟ್ಟೆ ತುಂಬಿರುವುದಿಲ್ಲ.

ಒಂದು ಸ್ಥೂಲ ಲೆಕ್ಕ ಮಾಡಿ ನೋಡಿ. ಮೊದಲು ನೀವು ದಿನಕ್ಕೆ ಒಂದು ಬಟ್ಟಲು ಮೊಸರು, ಎರಡು ಲೋಟ ಹಾಲು ಹಾಕಿದ ಕಾಫಿ, ಒಂದು ಚಮಚ ತುಪ್ಪ ತೆಗೆದುಕೊಳ್ಳುತ್ತಿದ್ದಿರಿ ಎಂದಿಟ್ಟುಕೊಳ್ಳೋಣ. ಮೆಸ್ಸಿನಲ್ಲಿ ಸಾಮಾನ್ಯವಾಗಿ ಸಿಗುವುದೇ ಇಷ್ಟು. ಇವೆಲ್ಲ ಸೇರಿ 250 ಕ್ಯಾಲೊರಿಗೆ ಕಡಿಮೆಯಿಲ್ಲ. ದಿನಕ್ಕೆ 250ರಂತೆ 120 ದಿನಕ್ಕೆ 30,000. ಒಂದು ಕಿಲೋ ದೇಹತೂಕಕ್ಕೆ ಸುಮಾರು 7,700 ಕ್ಯಾಲೊರಿ ಎಂಬ ರೂಢಿಯ ಲೆಕ್ಕ ಹಿಡಿದರೆ ನಾಲ್ಕು ಕಿಲೋ ಹತ್ತಿರ ಬಂತು. ನಿಮ್ಮ ತೂಕ ಎಲ್ಲಿ ಹೋಯಿತು ಎನ್ನುವುದಕ್ಕೆ ಬಹುತೇಕ ಉತ್ತರ ಇದೇ. ಇದರ ಜೊತೆಗೆ ಇನ್ನೊಂದು ನಷ್ಟವಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಊಟದಲ್ಲಿ ಕೊನೆಯ ಅನ್ನ ಹೊಟ್ಟೆಗೆ ಇಳಿಯುವುದೇ ಮೊಸರಿನ ಜೊತೆ. ಮೊಸರಿಲ್ಲದಿದ್ದರೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳದೆ ಕೈ ತೊಳೆದು ಏಳುತ್ತೇವೆ. ನೀವೂ ಹಾಗೆಯೇ ಏಳುತ್ತಿದ್ದೀರಿ ಎಂಬುದು ನನ್ನ ಊಹೆ.

ಈಗ ಪ್ರೋಟೀನಿನ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಬರೀ ಸಸ್ಯಮೂಲದ ಆಹಾರ ಉಣ್ಣುವವರು ಕಿಲೋಗೆ ಒಂದು ಗ್ರಾಂ ಎಂದಿಟ್ಟುಕೊಳ್ಳುವುದು ಕ್ಷೇಮ. ನಿಮಗೆ 50 ಗ್ರಾಂ ಆಯಿತು. ಬೆಳಿಗ್ಗೆ ಮೂರು ಇಡ್ಲಿಗೆ ಸುಮಾರು 6 ಗ್ರಾಂ. ಮಧ್ಯಾಹ್ನ ಎರಡು ಚಪಾತಿಗೆ 6, ನೂರು ಗ್ರಾಂ ಅಕ್ಕಿಯಿಂದಾದ ಅನ್ನಕ್ಕೆ 7 ಅಥವಾ 8, ತೆಳ್ಳನೆಯ ಸಾರು ಮತ್ತು ಪಲ್ಯಕ್ಕೆ 4. ರಾತ್ರಿಯೂ ಸುಮಾರು ಇಷ್ಟೇ, ಸ್ವಲ್ಪ ಕಡಿಮೆ ಎನ್ನಿ. ಒಟ್ಟು 38, ಹೆಚ್ಚೆಂದರೆ 40 ಗ್ರಾಂ. ಕೊರತೆ ಬಿದ್ದಿರುವುದು ಹತ್ತು ಹನ್ನೆರಡು ಗ್ರಾಂ. ಸಾವಿರಾರು ರೂಪಾಯಿಯ ಡಬ್ಬದಿಂದ ತುಂಬಿಸಬೇಕಾದಷ್ಟು ದೊಡ್ಡ ಕೊರತೆಯಲ್ಲ ಇದು. ಒಂದು ಹಿಡಿ ಹುರಿದ ಶೇಂಗಾದಲ್ಲಿ, ಎಂದರೆ 30 ಗ್ರಾಂನಲ್ಲಿ, ಸುಮಾರು 7 ಗ್ರಾಂ ಪ್ರೋಟೀನಿದೆ, ಜೊತೆಗೆ 170 ಕ್ಯಾಲೊರಿ. ಅಷ್ಟೇ ತೂಕದ ಪುಟಾಣಿಯಲ್ಲಿ 6 ಗ್ರಾಂ ಸಿಗುತ್ತದೆ, ಮೈಸೂರಿನ ಅಂಗಡಿಯಲ್ಲಿ ಹುರಿಗಡಲೆ ಎಂದು ಕೇಳಿ. ಇವೆರಡನ್ನು ಬೆರೆಸಿ ಡಬ್ಬಿಗೆ ಹಾಕಿ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ತಿನ್ನಿ. ಮೊಸರು ಬಿಟ್ಟುಹೋದ ಜಾಗ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ತುಂಬಿತು. ಶೇಂಗಾದಲ್ಲಿ ಕಹಿಯಾದ, ಸುಕ್ಕುಗಟ್ಟಿದ, ಬೂಸಲು ಹಿಡಿದ ಕಾಳುಗಳನ್ನು ಮಾತ್ರ ಮುಲಾಜಿಲ್ಲದೆ ಎಸೆಯಿರಿ. ಆ ಬೂಸಲಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಅಕ್ಕಿ, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಆದ್ದರಿಂದ ಅನ್ನ ಎಷ್ಟು ಉಂಡರೂ ಬೇಳೆಯ ಕೆಲಸ ಆಗುವುದಿಲ್ಲ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ದಿನದೊಳಗೆ ಎರಡೂ ಬಂದರೆ ಸಾಕು.

ಮೆಸ್ಸಿನಲ್ಲಿ ಬೇಳೆ ಇದ್ದೇ ಇರುತ್ತದೆ, ನಿಮ್ಮ ತಟ್ಟೆಗೆ ಬರುವುದಿಲ್ಲ ಅಷ್ಟೆ. ದೊಡ್ಡ ಪಾತ್ರೆಯ ಸಾರು ನಿಂತಲ್ಲೇ ನಿಂತರೆ ಬೆಂದ ಬೇಳೆಯೆಲ್ಲ ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿ ಉಳಿಯುತ್ತದೆ. ಬಡಿಸುವವರು ಅವಸರದಲ್ಲಿ ಮೇಲಿನಿಂದಲೇ ಮೊಗೆಯುತ್ತಾರೆ. ಸಾಲಿನಲ್ಲಿ ಮೊದಲು ನಿಂತವರಿಗೆ ಖಾರದ ನೀರು, ಕೊನೆಗೆ ಬಂದವರಿಗೆ ಗಟ್ಟಿ. ‘ಅಣ್ಣಾ, ಸ್ವಲ್ಪ ತಳದಿಂದ ಕಲಕಿ ಹಾಕಿ’ ಎಂದು ಕೇಳಲು ಸಂಕೋಚ ಬೇಡ. ಸೌಟು ತಳ ಮುಟ್ಟಿ ಬಂದರೆ ಒಂದು ಸೌಟಿನಲ್ಲೇ ಮೂರು ನಾಲ್ಕು ಗ್ರಾಂ ಪ್ರೋಟೀನ್ ಹೆಚ್ಚಿಗೆ ಸಿಗುತ್ತದೆ, ಅದಕ್ಕೆ ಬಿಡಿಗಾಸೂ ಖರ್ಚಿಲ್ಲ. ತಿಳಿಸಾರು ಮಾಡಿದ ದಿನ ಈ ಉಪಾಯ ನಡೆಯುವುದಿಲ್ಲ. ಆ ದಿನಕ್ಕೆ ಕೋಣೆಯಲ್ಲಿ ಮೊಳಕೆ ಕಾಳು ಇರಲಿ.

ಮೊಳಕೆಗೆ ಒಲೆ ಬೇಡ. ರಾತ್ರಿ ಮಲಗುವಾಗ ಒಂದು ಹಿಡಿ ಹೆಸರುಕಾಳನ್ನು ತೊಳೆದು ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳವನ್ನು ಓರೆಯಾಗಿ ಮುಚ್ಚಿ. ತರಗತಿಯಿಂದ ಬಂದ ಕೂಡಲೇ ಒಮ್ಮೆ ತೊಳೆದು ಮತ್ತೆ ಕಟ್ಟಿ. ಮೈಸೂರಿನ ಹವೆಯಲ್ಲಿ ಮರುದಿನ ಬೆಳಿಗ್ಗೆಗೆ ಮೊಳಕೆ ಬಂದಿರುತ್ತದೆ, ಚಳಿಗಾಲದಲ್ಲಿ ಅರ್ಧ ದಿನ ಹೆಚ್ಚು ಹಿಡಿಯಬಹುದು. ಕೈಗೆ ಲೋಳೆ ಹತ್ತಿದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಹಸಿಯಾಗಿ ತಿನ್ನಬೇಡಿ. ಮೊಳಕೆಯ ಬೆಚ್ಚನೆಯ ತೇವದಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾವೂ ಚೆನ್ನಾಗಿ ಬೆಳೆಯುತ್ತದೆ. ಕೆಟಲ್‌ನಲ್ಲಿ ನೀರು ಕುದಿಸಿ ಕಾಳಿನ ಮೇಲೆ ಸುರಿದು ಐದು ನಿಮಿಷ ಮುಚ್ಚಿಟ್ಟು ಬಸಿಯಿರಿ. ಆಮೇಲೆ ಉಪ್ಪು, ಹೆಚ್ಚಿದ ಸೌತೆಕಾಯಿ, ನಿಂಬೆರಸ. ಕೆಟಲ್‌ನೊಳಗೇ ಕಾಳು ಬೇಯಿಸಲು ಹೋಗಬೇಡಿ. ತಳ ಹತ್ತಿ ಕೆಡುತ್ತದೆ, ಸಿಕ್ಕಿರುವ ಅನುಮತಿಯೂ ಹೋಗುತ್ತದೆ. ಹಾಸಿಗೆಯ ಕೆಳಗೆ ಕಾಯಿಲ್ ಬಚ್ಚಿಟ್ಟುಕೊಂಡು ಅಡುಗೆ ಮಾಡುವ ಸಾಹಸ ಯಾವ ಕಾರಣಕ್ಕೂ ಬೇಡ. ಹಳೆಯ ಕಟ್ಟಡಗಳ ವೈರಿಂಗ್ ಅದನ್ನು ತಾಳುವುದಿಲ್ಲ.

ಬಿ12ರ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟು. ಸಸ್ಯಾಹಾರದಲ್ಲಿ ಈ ಜೀವಸತ್ವ ನಂಬುವಂಥ ಪ್ರಮಾಣದಲ್ಲಿ ಎಲ್ಲೂ ಇಲ್ಲ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿದೆ ಎನ್ನುತ್ತಾರೆ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ಹುಸಿ ರೂಪ. ಇಡ್ಲಿ ಹಿಟ್ಟು ಹುದುಗುವುದರಿಂದ ಬರುತ್ತದೆ ಎಂಬ ಮಾತನ್ನೂ ನೆಚ್ಚಬೇಡಿ. ಹುಟ್ಟಿನಿಂದ ಸಸ್ಯಾಹಾರಿಯಾದ ನಿಮಗೆ ಇದುವರೆಗೆ ಬಿ12 ಬರುತ್ತಿದ್ದ ಏಕೈಕ ದಾರಿ ಹಾಲು ಮೊಸರು. ಅದು ಈಗ ಮುಚ್ಚಿದೆ. ಯಕೃತ್ತಿನಲ್ಲಿ ಸಂಗ್ರಹ ಚೆನ್ನಾಗಿದ್ದವರಿಗೆ ಒಂದೆರಡು ವರ್ಷವಾದರೂ ತಡೆಯುತ್ತದೆ. ಆದರೆ ನಮ್ಮ ದೇಶದ ಸಸ್ಯಾಹಾರಿಗಳಲ್ಲಿ ಬಹಳ ಮಂದಿಗೆ ಆ ಸಂಗ್ರಹ ಮೊದಲೇ ತೆಳ್ಳಗಿರುತ್ತದೆ. ಕೊರತೆ ಬಂದಾಗ ಮೊದಲು ಆಯಾಸ, ನಾಲಿಗೆ ಉರಿ, ಮರೆವು. ಅನಂತರ ಅಂಗಾಲು ಅಂಗೈ ಜೋಮು ಹಿಡಿಯುವುದು. ತಡ ಮಾಡಿದರೆ ನರಗಳಿಗೆ ಆಗುವ ಹಾನಿ ಪೂರ್ತಿಯಾಗಿ ಮರಳದೆ ಇರಬಹುದು. ಸೊಪ್ಪು, ಕಾಳು ಹೆಚ್ಚು ತಿನ್ನುವ ವೀಗನ್ನರಲ್ಲಿ ಇನ್ನೊಂದು ತೊಡಕು ಇದೆ. ಅವುಗಳಲ್ಲಿ ಧಾರಾಳವಾಗಿರುವ ಫೋಲೇಟ್ ಎಂಬ ಇನ್ನೊಂದು ಜೀವಸತ್ವ ರಕ್ತದಲ್ಲಿ ಕೊರತೆಯ ಗುರುತು ಕಾಣಿಸದಂತೆ ಮರೆಮಾಡುತ್ತದೆ, ನರಗಳು ಮಾತ್ರ ಒಳಗೊಳಗೇ ಸೊರಗುತ್ತಿರುತ್ತವೆ.

ಮದ್ದು ತೀರಾ ಸರಳ, ತೀರಾ ಅಗ್ಗ. ಸೈನೊಕೊಬಾಲಮಿನ್ ಅಥವಾ ಮಿಥೈಲ್‌ಕೊಬಾಲಮಿನ್ ಎಂಬ ಹೆಸರಿನ ಬಿ12 ಮಾತ್ರೆ: 1000 ಮೈಕ್ರೋಗ್ರಾಂನದ್ದಾದರೆ ವಾರಕ್ಕೆ ಎರಡು, 500ರದ್ದಾದರೆ ವಾರಕ್ಕೆ ನಾಲ್ಕು. ದಿನದ ಅಗತ್ಯ ಎರಡೂವರೆ ಮೈಕ್ರೋಗ್ರಾಂ ಮಾತ್ರ, ಇಷ್ಟೊಂದೇಕೆ ಎಂದು ನೀವು ಕೇಳಬಹುದು. ಒಂದು ಸಲಕ್ಕೆ ಕರುಳು ಸುಲಭವಾಗಿ ಹೀರಿಕೊಳ್ಳುವುದು ಒಂದೂವರೆ ಎರಡು ಮೈಕ್ರೋಗ್ರಾಂ, ಅದಕ್ಕಿಂತ ಮೇಲಿನದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ಒಳಹೋಗುತ್ತದೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ತೊಂದರೆಯಿಲ್ಲ. ಔಷಧದಂಗಡಿಯಲ್ಲಿ ಕ್ಯಾಪ್ಸೂಲ್ ಕೊಟ್ಟರೆ ಮಾತ್ರೆ ರೂಪದ್ದನ್ನೇ ಕೇಳಿ, ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್. ಕೆಲವು ಮಾತ್ರೆಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅಲ್ಪ ಪ್ರಮಾಣದಲ್ಲಿ ಇರಬಹುದು. ಬೇರೆ ಸಿಗದಿದ್ದರೆ ಅದನ್ನೇ ನುಂಗಿ. ಔಷಧದ ವಿಷಯದಲ್ಲಿ ನಿಷ್ಠುರ ಬೇಡ.

ಕೂದಲು ಉದುರುವುದಕ್ಕೂ ತೂಕ ಇಳಿದದ್ದಕ್ಕೂ ನೇರ ನಂಟಿದೆ. ಊಟ ಏಕಾಏಕಿ ಕಡಿಮೆಯಾದಾಗ ಕೂದಲಿನ ಬೇರುಗಳು ಗುಂಪಾಗಿ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ನಂತರ ಅವು ಒಟ್ಟಿಗೇ ಉದುರುತ್ತವೆ. ಈಗ ನಿಮಗೆ ಆಗುತ್ತಿರುವುದು ಇದೇ ಇರಬಹುದು. ಊಟ ಸರಿಹೋದರೆ ಕೂದಲು ಮತ್ತೆ ಬರುತ್ತದೆ, ಅದಕ್ಕೂ ಕೆಲವು ತಿಂಗಳು ಬೇಕು. ಅಷ್ಟರೊಳಗೆ ಎಣ್ಣೆ ಶಾಂಪೂಗಳಿಗೆ ದುಡ್ಡು ಸುರಿಯಬೇಡಿ.

ಮಧ್ಯಾಹ್ನದ ಆ ತೂಕಡಿಕೆಯ ಹಿಂದೆ ಕಬ್ಬಿಣದ ಕೊರತೆಯೂ ಇರಬಹುದೆಂದು ನನ್ನ ಅನುಮಾನ. ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಇದು ಹಾಲು ಬಿಟ್ಟದ್ದರಿಂದ ಬಂದ ಕೊರತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅವರಲ್ಲಿ ಹಾಲು ಕುಡಿಯುವವರೂ ಇದ್ದಾರೆ, ಮಾಂಸ ತಿನ್ನುವವರೂ ಇದ್ದಾರೆ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಎಂದು ಶಿಫಾರಸಿದೆ. ಅನ್ನ ತಿಳಿಸಾರಿನಿಂದ ಅದರ ಹತ್ತಿರಕ್ಕೂ ಹೋಗಲಾಗದು. ಸಜ್ಜೆ, ಹುರುಳಿ, ಅಲಸಂದೆ, ಗುರೆಳ್ಳು, ಎಳ್ಳು, ಸೊಪ್ಪು ಬೇಕು. ಸಸ್ಯಮೂಲದ ಕಬ್ಬಿಣ ಒಳಹೋಗಬೇಕಾದರೆ ಹುಳಿಯ ಸಹಾಯ ಬೇಕು. ಊಟದ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿ, ಇಲ್ಲವೇ ಊಟದ ಜೊತೆಗೇ ಒಂದು ಪೇರಲ ಹಣ್ಣು ತಿನ್ನಿ. ಪೇರಲದಲ್ಲಿ ಸಿ ಜೀವಸತ್ವ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು. ಕಾಫಿ ಚಹಾ ಊಟ ತಿಂಡಿಯ ಜೊತೆಗೆ ಬೇಡ. ಹಾಲು ಹಾಕದ ಕಪ್ಪು ಚಹಾ ಆದರೂ ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಂದು ಗಂಟೆಯ ಅಂತರವಿರಲಿ. ಬೆಲ್ಲ ಖರ್ಜೂರ ತಿಂದರೆ ರಕ್ತ ಹೆಚ್ಚುತ್ತದೆ ಎಂದು ನಂಬಿ ಕೂರಬೇಡಿ, ತಿನ್ನಬಹುದಾದ ಪ್ರಮಾಣದಲ್ಲಿ ಅವುಗಳಿಂದ ಸಿಗುವುದು ಅಲ್ಪ.

ಊಹೆಯ ಮೇಲೆ ಕಬ್ಬಿಣದ ಮಾತ್ರೆ ನುಂಗುವುದೂ ಬೇಡ. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ, ಮತ್ತು ಕೂದಲು ಉದುರುತ್ತಿರುವುದರಿಂದ ಥೈರಾಯ್ಡ್. ಬಿ12 ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ಶುರು ಮಾಡಿ, ಇಲ್ಲವಾದರೆ ವರದಿಯ ಅಂಕಿ ದಾರಿ ತಪ್ಪಿಸುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ, ಬಿ12 200ಕ್ಕಿಂತ ಕೆಳಗಿದ್ದರೆ ವೈದ್ಯರನ್ನು ಕಾಣಿ. ನಾನು ಹೇಳಿದ ವಾರದ ಲೆಕ್ಕ ಕೊರತೆ ಇಲ್ಲದವರಿಗೆ. ಕೊರತೆ ಇದ್ದವರಿಗೆ ಎಷ್ಟು ಮಾತ್ರೆ, ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.

ಕ್ಯಾಲ್ಸಿಯಂ ಬಗ್ಗೆ ಅಮ್ಮನ ಆತಂಕ ಸರಿಯಾದದ್ದೇ. ದಿನಕ್ಕೆ ಸಾವಿರ ಮಿಲಿಗ್ರಾಂ ಬೇಕು. ಈ ವಿಷಯದಲ್ಲಿ ಕರ್ನಾಟಕದಲ್ಲಿ ಹುಟ್ಟಿದವರಷ್ಟು ಅದೃಷ್ಟವಂತರು ಕಡಿಮೆ. ನೂರು ಗ್ರಾಂ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ನೂರು ಗ್ರಾಂ ರಾಗಿಯಲ್ಲಿ 350ರ ಆಸುಪಾಸು. ಮೈಸೂರಿನ ಮೆಸ್ಸುಗಳಲ್ಲಿ ವಾರಕ್ಕೊಮ್ಮೆಯಾದರೂ ಮುದ್ದೆ ಇರುತ್ತದೆ. ರೊಟ್ಟಿ ತಿಂದು ಬೆಳೆದ ನಿಮಗೆ ಅದು ಗಂಟಲಲ್ಲಿ ಇಳಿಯದಿರಬಹುದು. ಸಾರಿನಲ್ಲಿ ಚೆನ್ನಾಗಿ ಅದ್ದಿ ಅಗಿಯದೆ ನುಂಗುವುದನ್ನು ಮಂಡ್ಯದ ಕಡೆಯ ಗೆಳತಿಯರಿಂದ ಕಲಿತುಕೊಳ್ಳಿ, ಅಭ್ಯಾಸವಾಗುತ್ತದೆ. ಮುದ್ದೆ ಇಲ್ಲದ ದಿನಗಳಿಗೆ ರಾಗಿ ಹುರಿಹಿಟ್ಟು ಇದೆ. ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಗೋಜಿಲ್ಲ. ಐವತ್ತು ಗ್ರಾಂ ಹಿಟ್ಟಿಗೆ ಸ್ವಲ್ಪ ಬೆಲ್ಲದ ಪುಡಿ, ಬಿಸಿನೀರು ಹಾಕಿ ಕಲಸಿ, ಸಿಕ್ಕಿದರೆ ತೆಂಗಿನ ತುರಿ ಸೇರಿಸಿ. ನನ್ನ ಕೇಳಿದರೆ ಹಾಸ್ಟೆಲಿಗೆಂದೇ ಹೇಳಿ ಮಾಡಿಸಿದ ತಿನಿಸು ಇದು. ದಿನವೂ ಒಂದೆರಡು ಚಮಚ ಎಳ್ಳು ಯಾವುದಾದರೂ ರೂಪದಲ್ಲಿ ಹೊಟ್ಟೆಗೆ ಹೋಗಲಿ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿನ ಆಕ್ಸಾಲಿಕ್ ಆಮ್ಲ ಅದನ್ನು ಬಿಟ್ಟುಕೊಡುವುದಿಲ್ಲ. ನುಗ್ಗೆಸೊಪ್ಪು ಎಷ್ಟೋ ವಾಸಿ. ಕೈಯಲ್ಲಿ ಹಣವಿದ್ದ ತಿಂಗಳು ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ಕೊಳ್ಳಬಹುದು, ಬೆರೆಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ, ಅಲುಗಾಡಿಸಿ ಕುಡಿಯಿರಿ.

ವಿಟಮಿನ್ ಡಿ ಹಾಲು ಕುಡಿಯುವ ನಿಮ್ಮ ಗೆಳತಿಯರಿಗೂ ಸಾಲದೇ ಇರಬಹುದು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಕಾರಿಡಾರ್ ಬಿಟ್ಟು ಬಿಸಿಲಿನ ದಾರಿ ಹಿಡಿಯಿರಿ. ಅಯೋಡಿನ್‌ಗೆ ಮಾಮೂಲಿ ಅಯೋಡೀಕೃತ ಉಪ್ಪು ಸಾಕು, ಕೋಣೆಗೆ ಕಲ್ಲುಪ್ಪು, ಗುಲಾಬಿ ಉಪ್ಪು ತಂದಿಟ್ಟುಕೊಳ್ಳಬೇಡಿ. ಸೋಯಾ ತಿಂದರೆ ಹಾರ್ಮೋನು ಏರುಪೇರಾಗುತ್ತದೆ ಎಂಬ ಹೆದರಿಕೆಗೆ ಊಟದ ಪ್ರಮಾಣದಲ್ಲಿ ಆಧಾರವಿಲ್ಲ.

ಇನ್ನು ಮೆಸ್ಸಿನ ಅಡುಗೆಯವರು. ನಿಮ್ಮ ಊಟ ಸುಧಾರಿಸುವ ಕೆಲಸದಲ್ಲಿ ನನಗಿಂತ ಅವರೇ ಮುಖ್ಯ. ‘ನಾನು ವೀಗನ್’ ಎಂದು ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ‘ಶುದ್ಧ ಸಸ್ಯಾಹಾರಿ’ ಎಂದರೆ ಪ್ರೀತಿಯಿಂದ ಇನ್ನೊಂದು ಚಮಚ ತುಪ್ಪ ಹಾಕುತ್ತಾರೆ. ‘ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್ ನನಗೆ ಆಗುವುದಿಲ್ಲ’ ಎಂದು ಐದು ಹೆಸರು ಹೇಳಿ. ಬಡಿಸುವ ಗಲಾಟೆಯ ಹೊತ್ತಿನಲ್ಲಿ ಹೋಗಬೇಡಿ, ಮಧ್ಯಾಹ್ನದ ಪಾತ್ರೆ ತೊಳೆದು ಮುಗಿಸಿ ಅವರು ಕೂತಿರುವ ಹೊತ್ತಿಗೆ ಹೋಗಿ. ನಿಮಗಾಗಿ ಬೇರೆ ಅಡುಗೆ ಕೇಳಬೇಡಿ. ನೂರಾರು ಜನರಿಗೆ ಬೇಯಿಸುವವರಿಗೆ ಅದು ಆಗದ ಮಾತು. ತುಪ್ಪ ಅಥವಾ ಮೊಸರು ಬೀಳುವ ಮುಂಚೆ ನಿಮ್ಮ ಪಾಲನ್ನು ಒಂದು ಡಬ್ಬಿಯಲ್ಲಿ ಎತ್ತಿಡಲು ಕೇಳಿ. ಬಿಸಿಬೇಳೆಬಾತ್, ಪೊಂಗಲ್‌ಗಳಿಗೆ ತುಪ್ಪ ಬೀಳುವುದು ಎಷ್ಟೋ ಕಡೆ ಕೊನೆಯಲ್ಲಿ. ಕೂಟು, ಕುರ್ಮಾಗಳ ವಿಷಯದಲ್ಲಿ ಕೇಳಿಯೇ ತಿಳಿಯಬೇಕು.

ಮೆಸ್ ಸಮಿತಿಯಲ್ಲಿ ವಿದ್ಯಾರ್ಥಿಗಳಿದ್ದರೆ, ಅದರಲ್ಲೂ ಖರ್ಚನ್ನು ತಿಂಗಳ ಕೊನೆಗೆ ಎಲ್ಲರೂ ಹಂಚಿಕೊಳ್ಳುವ ಡಿವೈಡಿಂಗ್ ಮೆಸ್ ನಿಮ್ಮದಾಗಿದ್ದರೆ, ಒಂದು ಬೇಡಿಕೆ ಇಡಿ: ವಾರಕ್ಕೆ ಮೂರು ದಿನ ಎಲ್ಲರಿಗೂ ಕಾಳಿನ ಉಸಲಿ ಅಥವಾ ಹೆಸರುಬೇಳೆ ಕೋಸಂಬರಿ. ಪನೀರ್‌ಗಿಂತ ಇದು ಅಗ್ಗವೆಂದು ಲೆಕ್ಕ ತೋರಿಸಿ. ನನಗೊಬ್ಬಳಿಗೆ ಎಂದು ಕೇಳಿದ್ದು ಉಪಕಾರವಾಗಿ ಉಳಿಯುತ್ತದೆ, ಅಡುಗೆಯವರು ಬದಲಾದ ದಿನ ನಿಂತುಹೋಗುತ್ತದೆ. ಎಲ್ಲರಿಗೂ ಎಂದು ಮೆನುವಿಗೆ ಸೇರಿದ್ದು ನೀವು ಓದು ಮುಗಿಸಿ ಹೋದ ಮೇಲೂ ನಡೆಯುತ್ತದೆ.

ತಿಳಿಯದೆ ಒಳಬರುವ ಹಾಲಿನ ಬಗ್ಗೆ ಒಂದಿಷ್ಟು. ರವೆ ಇಡ್ಲಿಗೆ ಮೊಸರು ಬಿದ್ದಿರುತ್ತದೆ. ಕೇಸರಿಬಾತಿಗೆ ತುಪ್ಪ. ಕೆಲವು ಕಡೆ ಚಪಾತಿ ಹಿಟ್ಟಿಗೂ ಹಾಲು ಹಾಕುತ್ತಾರೆ. ಬ್ರೆಡ್, ಬಿಸ್ಕತ್ತುಗಳಲ್ಲಿ ಹಾಲಿನ ಪುಡಿ ಸಾಮಾನ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನಿಮಗೆ ಸಹಾಯ ಮಾಡುವುದಿಲ್ಲ, ಹಾಲಿದ್ದರೂ ಅದು ಇರುತ್ತದೆ. ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಎಚ್ಚರಿಕೆ ಅಚ್ಚಾಗಿರುತ್ತದೆ, ಹಾಲಿನ ಅಂಶವಿದ್ದರೆ ಅಲ್ಲಿ ಹೇಳಲೇಬೇಕು. ನೋಡಬೇಕಾದದ್ದು ಆ ಸಾಲನ್ನು. ವೀಗನ್ ಆಹಾರಕ್ಕೆಂದೇ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ನಿಯಮ ತಂದಿದೆ, ಪ್ರತ್ಯೇಕ ಹಸಿರು ಗುರುತೂ ಇದೆ, ಆದರೆ ಆ ಗುರುತಿನ ಪೊಟ್ಟಣಗಳು ಹೆಚ್ಚಾಗಿ ದುಬಾರಿ. ಅವು ನಿಮಗೆ ಬೇಕಾಗಿಯೂ ಇಲ್ಲ. ಯಾವುದೋ ಒಂದು ದಿನ ಸಾರಿನ ಒಗ್ಗರಣೆಯಲ್ಲಿ ತುಪ್ಪವಿತ್ತೆಂದು ಉಂಡ ಮೇಲೆ ತಿಳಿದರೆ ಮನಸ್ಸು ಕೆಡಿಸಿಕೊಳ್ಳಬೇಡಿ, ಮುಂದಿನ ಊಟ ಬಿಡಲೂ ಬೇಡಿ.

ರಾತ್ರಿ ಹನ್ನೊಂದರ ಹಸಿವು ಹಾಸ್ಟೆಲಿನಲ್ಲಿ ಎಲ್ಲರಿಗೂ ಇದೆ. ಎಂಟಕ್ಕೆ ಮೆಸ್ ಮುಚ್ಚುತ್ತದೆ, ಓದು ಒಂದರವರೆಗೆ. ಆಗ ಕೈಗೆ ಸಿಗುವುದು ಚಿಪ್ಸ್. ಗಟ್ಟಿ ಅವಲಕ್ಕಿಯನ್ನು ಕೆಟಲ್‌ನ ಬಿಸಿನೀರಿನಲ್ಲಿ ಎರಡು ನಿಮಿಷ ನೆನೆಸಿ ಬಸಿದು ಶೇಂಗಾ ಹಿಂಡಿ (ಚಟ್ನಿಪುಡಿ), ನಿಂಬೆರಸ, ಉಪ್ಪು ಹಾಕಿ ಕಲಸಿದರೆ ಹೊಟ್ಟೆ ತುಂಬುತ್ತದೆ. ಬಾಳೆಹಣ್ಣು ಯಾವಾಗಲೂ ಎರಡು ಇರಲಿ. ಸಂಜೆ ಹೊರಗೆ ಹೋದರೆ ಮೈಸೂರಿನ ಚುರುಮುರಿ ಇದ್ದೇ ಇದೆ, ಶೇಂಗಾ ಹೆಚ್ಚು ಹಾಕಿಸಿಕೊಳ್ಳಿ. ಊರ ಕಡೆ ಹೋದಾಗ ಗಿರ್ಮಿಟ್ ಕೂಡ ನಿಮ್ಮ ಪಾಲಿಗಿದೆ. ಹೋಟೆಲಿನಲ್ಲಿ ದೋಸೆ ಹೇಳುವಾಗ ‘ಎಣ್ಣೆ ಹಾಕಿ, ಬೆಣ್ಣೆ ತುಪ್ಪ ಬೇಡ’ ಎಂದರೆ ಸಾಕು.

ಕೇಳಲೇಬೇಕಾದ ಒಂದು ಪ್ರಶ್ನೆ ನನ್ನದೂ ಇದೆ. ತೂಕ ಇಳಿದದ್ದು ಕನ್ನಡಿಯಲ್ಲಿ ಕಂಡಾಗ ನಿಮಗೆ ಹೆದರಿಕೆಯಾಯಿತೇ, ಅಥವಾ ಒಳಗೊಳಗೇ ಸಂತೋಷವಾಯಿತೇ? ಬಿಡಬೇಕಾದ ಪದಾರ್ಥಗಳ ಪಟ್ಟಿ ವಾರದಿಂದ ವಾರಕ್ಕೆ ಬೆಳೆಯುತ್ತಿದೆಯೇ, ಎಣ್ಣೆಯೂ ಬೇಡ, ಅನ್ನವೂ ಬೇಡ ಎನ್ನಿಸುತ್ತಿದೆಯೇ? ಮುಟ್ಟು ತಪ್ಪಿದೆಯೇ? ಹೌದು ಎಂದಾದರೆ ಸಮಸ್ಯೆ ಹಾಲಿನದಲ್ಲ. ಕಾಲೇಜಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕೂಡಲೇ ಕಾಣಿ, ಅದಕ್ಕೆ ಚಿಕಿತ್ಸೆಯಿದೆ. ಪ್ರಾಣಿಗಳ ಮೇಲಿನ ಕರುಣೆಯಿಂದ ಆರಂಭವಾದ ಊಟದ ಕ್ರಮ ನಿಮ್ಮ ಮೇಲೆಯೇ ಕ್ರೂರವಾಗಲು ಬಿಡಬೇಡಿ.

ಅಮ್ಮನ ಜೊತೆ ಕರುವಿನ ಕಥೆಯನ್ನು ಒಮ್ಮೆ ಹೇಳಿದರೆ ಸಾಕು, ದಿನವೂ ವಾದ ಬೇಡ. ಅವರ ಚಿಂತೆ ಮೊಸರಿನದಲ್ಲ, ಮಗಳು ಸೊರಗಿದ್ದಾಳೆ ಎಂಬುದು. ಅವರಿಗೆ ಮಾಡಲು ಕೆಲಸ ಕೊಡಿ. ನಿಮ್ಮ ಕಡೆಯ ಅಡುಗೆಮನೆಯಲ್ಲಿ ಹಾಲಿನ ಹನಿಯೂ ಇಲ್ಲದ, ತಿಂಗಳುಗಟ್ಟಲೆ ಕೆಡದ ಪದಾರ್ಥಗಳು ಎಷ್ಟಿವೆ ನೋಡಿ. ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಮೀನು ತಿನ್ನದವರಿಗೆ ಒಮೆಗಾ-3 ಕೊಬ್ಬು ಸಿಗುವ ಒಳ್ಳೆಯ ಮೂಲವೇ ಅಗಸೆ, ಅದೂ ಪುಡಿ ಮಾಡಿದ್ದು. ಇಡಿಯಾಗಿ ನುಂಗಿದ ಕಾಳು ಹಾಗೆಯೇ ಹೊರಹೋಗುತ್ತದೆ. ಹಿಂಡಿಗೆ ಮೊಸರಿನ ಬದಲು ಹಸಿ ಶೇಂಗಾ ಎಣ್ಣೆ ಕಲಸಿಕೊಳ್ಳಿ, ಕಳೆದುಹೋದ ಕ್ಯಾಲೊರಿಯೂ ಮರಳುತ್ತದೆ. ಶೇಂಗಾ ಉಂಡೆ, ಎಳ್ಳುಂಡೆ, ಶೇಂಗಾ ಹೋಳಿಗೆ ಮಾಡುವಾಗ ತುಪ್ಪ ಮುಟ್ಟಿಸದಂತೆ ಹೇಳಿ. ರೊಟ್ಟಿ ಐವತ್ತು ಬೇಕೆಂದು ಹೇಳಿ, ಗೆಳತಿಯರು ಅರ್ಧ ಮುಗಿಸುತ್ತಾರೆ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಆ ಅಂಕಿಯನ್ನು ಅಮ್ಮನಿಗೂ ತಿಳಿಸಿ. ಎರಡು ತಿಂಗಳಲ್ಲಿ 50ರ ಹತ್ತಿರ ಬರದಿದ್ದರೆ, ಅಥವಾ ಇನ್ನೂ ಇಳಿದರೆ, ರಕ್ತದ ವರದಿ ಹಿಡಿದುಕೊಂಡು ಆಹಾರತಜ್ಞರನ್ನು ಖುದ್ದಾಗಿ ಕಾಣಿ.